ಮೂರನೇ ನಂಬರಿನ ಮೋಹ

ಗಾಲ್ಫ್ ಆಟದಲ್ಲಿ ಒಂದು ವಿಚಿತ್ರ ಅನ್ಯಾಯವಿದೆ. ಹುಲ್ಲಿನ ಮೇಲೆ ಕೂತ ಚೆಂಡನ್ನು ಇನ್ನೂರು ಗಜ ಆಚೆಗೆ ಅಟ್ಟುವುದು ಈ ಆಟದ ಅತಿ ಕಷ್ಟದ ಕೆಲಸಗಳಲ್ಲೊಂದು. ಆ ಕೆಲಸ ಹೆಚ್ಚು ಸಲ ಬಂದು ಬೀಳುವುದು ಮಾತ್ರ ಪಳಗದವರ ಪಾಲಿಗೆ. 400 ಗಜ ಉದ್ದದ ಒಂದು ಹೋಲ್ ತೆಗೆದುಕೊಳ್ಳಿ. ಟಿ.ವಿ.ಯಲ್ಲಿ ಕಾಣುವ ವೃತ್ತಿಪರ ಆಟಗಾರ ಮೊದಲ ಏಟಿಗೇ 300 ಗಜದ ಹತ್ತಿರ ಹೋಗಿರುತ್ತಾನೆ. ಉಳಿದ ನೂರು ಗಜಕ್ಕೆ ವೆಜ್ ಎಂಬ ಗಿಡ್ಡ ಕೋಲೊಂದು ಸಾಕು. ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆ ವರ್ಷಗಟ್ಟಲೆ ಹವ್ಯಾಸಿ ಆಟಗಾರರ ಮೊದಲ ಹೊಡೆತವನ್ನು ಅಳೆಯುತ್ತ ಬಂದಿದೆ. ಅದರ ಪ್ರಕಾರ ಗಂಡಸರ ಸರಾಸರಿ 215 ಗಜದ ಆಸುಪಾಸು. ಹ್ಯಾಂಡಿಕ್ಯಾಪ್ 21 ದಾಟಿದವರದು 180 ಗಜದ ಸುತ್ತಮುತ್ತ. ಅಂಥವರಿಗೆ ಅದೇ ಹೋಲ್‌ನಲ್ಲಿ ಇನ್ನೂ 220 ಗಜ ಬಾಕಿ. ಹದಿನೆಂಟು ಹೋಲ್‌ಗಳ ಪೈಕಿ ಹತ್ತು ಹನ್ನೆರಡರಲ್ಲಿ ಇದೇ ಕಥೆ. ಹೀಗಿರುವಾಗ ಫೇರ್‌ವೇಯಿಂದ (ಗುಳಿಯತ್ತ ಸಾಗುವ, ಹುಲ್ಲು ಕತ್ತರಿಸಿದ ಹಾದಿಯಿಂದ) ಉದ್ದ ಹೊಡೆಯಲು ಯಾವ ಕ್ಲಬ್ ಹಿಡಿಯಬೇಕು ಎಂಬ ಪ್ರಶ್ನೆ ವೃತ್ತಿಪರನಿಗಿಂತ ವಾರಕ್ಕೊಮ್ಮೆ ಆಡುವ ಸಾಮಾನ್ಯನಿಗೇ ದೊಡ್ಡದು. ಆದರೂ ಆ ಸಾಮಾನ್ಯ ತನ್ನ ಚೀಲ ತುಂಬಿಸಿಕೊಳ್ಳುವುದು ವೃತ್ತಿಪರನನ್ನು ನೋಡಿ. ತಪ್ಪು ಶುರುವಾಗುವುದೇ ಅಲ್ಲಿಂದ.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಎನ್ನುತ್ತಾರೆ. ನಿಯಮದಂತೆ ಒಬ್ಬರ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇರಬಹುದು. ದಪ್ಪ ತಲೆಯ, ಉದ್ದ ಕೋಲಿನವು ವುಡ್‌ಗಳು. ಹಿಂದೆ ಮರದವು, ಈಗ ಲೋಹದವು, ಹೆಸರು ಮಾತ್ರ ಹಳೆಯದೇ. ತೆಳು ತಲೆಯ ಲೋಹದವು ಐರನ್‌ಗಳು. ಇವೆರಡರ ನಡುವಿನ ಆಕಾರದ್ದು ಹೈಬ್ರಿಡ್. ಕ್ಲಬ್‌ನ ಮುಖ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆಯೋ ಅದು ಲಾಫ್ಟ್. ನಂಬರ್ ಚಿಕ್ಕದಾದಷ್ಟೂ ಲಾಫ್ಟ್ ಕಡಿಮೆ, ಕೋಲು ಉದ್ದ, ಹೋಗಬೇಕಾದ ದೂರ ಹೆಚ್ಚು. ಇನ್ನು ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಸಾಮರ್ಥ್ಯದ ಅಳತೆ. 24ರ ಹ್ಯಾಂಡಿಕ್ಯಾಪ್‌ನವರು 72 ಹೊಡೆತಗಳ ಅಂಗಳವನ್ನು ಒಳ್ಳೆಯ ದಿನ 96ರ ಹತ್ತಿರ ಮುಗಿಸುತ್ತಾರೆ. ಇಲ್ಲಿ ‘ಒಳ್ಳೆಯ ದಿನ’ ಎಂಬುದನ್ನು ಗಮನಿಸಬೇಕು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ಹ್ಯಾಂಡಿಕ್ಯಾಪ್ ಹೇಳುವುದು ನಮ್ಮ ಒಳ್ಳೆಯ ಆಟದ ಕಥೆಯನ್ನು. ಕ್ಲಬ್ ಆರಿಸುವಾಗ ಇದನ್ನು ತಿರುವಿ ಹಾಕಬೇಕು ಎಂಬುದು ನನ್ನ ವಾದ. ಫೇರ್‌ವೇಯ ಉದ್ದ ಹೊಡೆತಕ್ಕೆ ಕ್ಲಬ್ ಆರಿಸಬೇಕಾದ್ದು ನಮ್ಮ ಸಾಧಾರಣ ಏಟನ್ನು ನೋಡಿ. ಅಪರೂಪಕ್ಕೆ ಕೂಡಿಬರುವ ಚೆಲುವಾದ ಏಟನ್ನು ನೋಡಿ ಅಲ್ಲ. ಹಾಗೆ ನೋಡಿದರೆ ಹೆಚ್ಚಿನ ಹ್ಯಾಂಡಿಕ್ಯಾಪ್‌ನವರ ಚೀಲದಿಂದ 3-ವುಡ್ಡೂ 3, 4ನೇ ನಂಬರಿನ ಐರನ್‌ಗಳೂ ಹೊರಗೆ ಹೋಗಬೇಕು. 5-ವುಡ್, 7-ವುಡ್, ಹೈಬ್ರಿಡ್‌ಗಳು ಒಳಗೆ ಬರಬೇಕು.

ಕಾರಣ ಮೊದಲು ಗಾಳಿಯಲ್ಲಿದೆ, ಆಮೇಲೆ ನೆಲದಲ್ಲಿದೆ. ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಇಷ್ಟು ಹಗುರದ ಚೆಂಡು ದೂರ ಹಾರುವುದು ಬರೀ ವೇಗದಿಂದಲ್ಲ, ಹಿಮ್ಮುಖವಾಗಿ ತಿರುಗುತ್ತ ಹೋಗುವುದರಿಂದ. ಆ ತಿರುಗಾಟವೂ ಮೈಮೇಲಿನ ಕುಳಿಗಳೂ ಸೇರಿ ಗಾಳಿಯಲ್ಲಿ ಚೆಂಡನ್ನು ಎತ್ತಿ ಹಿಡಿಯುತ್ತವೆ. ವೇಗವಾಗಿ ಬೀಸುವವರಿಗೆ ಲಾಫ್ಟ್ ಕಡಿಮೆಯಿದ್ದರೂ ಸಾಕಷ್ಟು ಎತ್ತರ, ಸಾಕಷ್ಟು ತಿರುಗಾಟ ಸಿಗುತ್ತದೆ. ಅಮೆರಿಕದ ಪಿಜಿಎ ಟೂರ್ ಆಟಗಾರರು ಡ್ರೈವರ್ ಎಂಬ ಅತಿ ಉದ್ದದ ಕ್ಲಬ್ ಬೀಸುವ ವೇಗ ಗಂಟೆಗೆ ಸುಮಾರು 115 ಮೈಲಿ. ಸಾಮಾನ್ಯ ಹವ್ಯಾಸಿಯದು 90ರ ಆಸುಪಾಸು, ಹ್ಯಾಂಡಿಕ್ಯಾಪ್ ಹೆಚ್ಚಿರುವ ಬಹಳಷ್ಟು ಜನರದು ಅದಕ್ಕೂ ಕೆಳಗೆ. ಈ ವೇಗದಲ್ಲಿ 15 ಡಿಗ್ರಿಯ 3-ವುಡ್ ಅಥವಾ 21 ಡಿಗ್ರಿಯ 3-ಐರನ್‌ನಿಂದ ನೆಲದ ಚೆಂಡನ್ನು ಹೊಡೆದರೆ, ಏಟು ಸರಿಯಾಗಿ ಬಿದ್ದರೂ ಚೆಂಡು ತಗ್ಗಿನಲ್ಲಿ ಹೋಗಿ ಬೇಗ ಇಳಿದುಬಿಡುತ್ತದೆ. ನಂದಿ ಬೆಟ್ಟದ ಏರಿನಲ್ಲಿ ಸೈಕಲ್ಲಿನ ದೊಡ್ಡ ಗೇರ್ ಹಾಕಿಕೊಂಡ ಹಾಗೆ: ಕಾಲಿನಲ್ಲಿ ಬಲವಿದ್ದವನಿಗೆ ಅದು ವೇಗ, ಇಲ್ಲದವನಿಗೆ ಬರೀ ಏದುಸಿರು. ಅನೇಕರಿಗೆ 4-ಐರನ್‌ನಿಂದಲೂ 6-ಐರನ್‌ನಿಂದಲೂ ಹೆಚ್ಚುಕಡಿಮೆ ಒಂದೇ ದೂರ ಸಿಗುವುದು ಇದೇ ಕಾರಣಕ್ಕೆ. ಅವರು ಇದನ್ನು ತಮ್ಮ ಕೈಯ ದೋಷ ಅಂದುಕೊಳ್ಳುತ್ತಾರೆ. ಅರ್ಧ ದೋಷ ಕ್ಲಬ್‌ನ ಆಯ್ಕೆಯದು.

ನೆಲದ ಲೆಕ್ಕ ಇದಕ್ಕಿಂತ ನಿಷ್ಠುರ. ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್, ಅಂದರೆ ಅದರ ನಡು ನೆಲದಿಂದ ಎರಡು ಸೆಂಟಿಮೀಟರಿಗಿಂತ ತುಸು ಮೇಲಿದೆ. ಚೆಂಡು ಮೇಲೇಳಬೇಕಾದರೆ ಕ್ಲಬ್‌ನ ಕೆಳ ಅಂಚು ಆ ನಡುವಿಗಿಂತ ಕೆಳಗೆ ಹಾಯಬೇಕು, ನೆಲವನ್ನು ಚೆಂಡಿಗಿಂತ ಮೊದಲು ಮುಟ್ಟಬಾರದು. ಅಂಚು ಕೆಲವೇ ಮಿಲಿಮೀಟರ್ ಮೇಲಾದರೆ ಚೆಂಡಿನ ಹೊಟ್ಟೆಗೆ ಏಟು ಬೀಳುತ್ತದೆ. ಚೆಂಡು ಹುಲ್ಲಿನ ಮೇಲೆ ಪುಟಿಯುತ್ತ ಐವತ್ತು ಅರವತ್ತು ಗಜ ಓಡಿ ನಿಲ್ಲುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ನೆಲ ಸಿಕ್ಕಿದರೆ ಮಣ್ಣು ಹಾರುತ್ತದೆ, ಚೆಂಡು ಹಾರುವುದಿಲ್ಲ. ಮೊದಲ ಹೊಡೆತಕ್ಕೆ ಚೆಂಡನ್ನು ಟೀ ಎಂಬ ಗೂಟದ ಮೇಲೆ ಎತ್ತಿ ಇಟ್ಟಿರುತ್ತಾರಾದ್ದರಿಂದ ಈ ಎರಡೂ ತಪ್ಪುಗಳಿಗೆ ಒಂದಿಷ್ಟು ಮಾಫಿ ಉಂಟು. ಫೇರ್‌ವೇಯಲ್ಲಿ ಇಲ್ಲ. ಅದರ ಮೇಲೆ 3-ವುಡ್‌ನ ಕೋಲು ಸುಮಾರು 43 ಇಂಚು ಉದ್ದ. ಕೋಲು ಉದ್ದವಾದಷ್ಟೂ ತಲೆ ಹೊಡೆತದ ಜಾಗಕ್ಕೆ ಕರಾರುವಾಕ್ಕಾಗಿ ಬಂದು ಸೇರುವುದು ಕಷ್ಟ. ಕಡಿಮೆ ಲಾಫ್ಟಿನ ಮುಖ ಕಣ್ಣಿಗೂ ಒಂದು ಮೋಸ ಮಾಡುತ್ತದೆ. ಕೆಳಗೆ ನೋಡಿದಾಗ ಅದು ನೆಟ್ಟಗೆ ನಿಂತಂತೆ ಕಾಣುವುದರಿಂದ, ‘ಇದು ಚೆಂಡನ್ನು ಎತ್ತಲಾರದು, ನಾನೇ ಎತ್ತಬೇಕು’ ಎಂದು ಮೈ ತನಗೆ ತಾನೇ ನಿರ್ಧರಿಸಿಬಿಡುತ್ತದೆ. ತೂಕ ಹಿಂಗಾಲಿನ ಮೇಲೆ ಉಳಿಯುತ್ತದೆ, ಮಣಿಕಟ್ಟು ಚೆಂಡನ್ನು ಮೊಗೆಯಲು ಹೋಗುತ್ತದೆ, ಅಂಚು ಮೇಲಕ್ಕೆ ಬರುತ್ತದೆ, ಚೆಂಡಿನ ತಲೆಗೆ ಏಟು. ಲಾಫ್ಟ್ ಹೆಚ್ಚಿರುವ ಕ್ಲಬ್ ಹಿಡಿದಾಗ ಈ ಗಡಿಬಿಡಿ ತಾನಾಗಿಯೇ ಕಡಿಮೆಯಾಗುತ್ತದೆ. ಎತ್ತುವ ಕೆಲಸ ಕ್ಲಬ್‌ಗೆ ಬಿಟ್ಟದ್ದು ಎಂಬ ಭರವಸೆ ಕಣ್ಣಿಗೇ ಸಿಗುತ್ತದೆ.

7-ವುಡ್‌ನ ಲಾಫ್ಟ್ ಸಾಮಾನ್ಯವಾಗಿ 21 ಡಿಗ್ರಿ, ಕೋಲು 3-ವುಡ್‌ಗಿಂತ ಸುಮಾರು ಒಂದು ಇಂಚು ಗಿಡ್ಡ. 3-ಐರನ್‌ನ ಲಾಫ್ಟೂ ಇಷ್ಟೇ. ಹಾಗಿದ್ದರೆ ವ್ಯತ್ಯಾಸವೇನು? ತೂಕ ಕೂತಿರುವ ಜಾಗದಲ್ಲಿ. ಐರನ್‌ನ ತಲೆ ತೆಳು, ಅದರ ತೂಕವೆಲ್ಲ ಮುಖದ ಬೆನ್ನಿಗೇ ಅಂಟಿಕೊಂಡಿದೆ. ವುಡ್‌ನಲ್ಲಿ ತೂಕವನ್ನು ಕೆಳಕ್ಕೂ ಹಿಂದಕ್ಕೂ ಸರಿಸಲು ಜಾಗವಿದೆ. ತೂಕದ ಕೇಂದ್ರ ತಗ್ಗಿನಲ್ಲಿ, ಹಿಂದೆ ಇದ್ದಷ್ಟೂ ಚೆಂಡು ಸುಲಭವಾಗಿ ಮೇಲೇಳುತ್ತದೆ. ಏಟು ಮುಖದ ನಡುವಿನಿಂದ ಕೊಂಚ ಆಚೀಚೆ ಬಿದ್ದರೂ ತಲೆ ಕಡಿಮೆ ತಿರುಚಿಕೊಳ್ಳುತ್ತದೆ, ದೂರದಲ್ಲಿ ಆಗುವ ನಷ್ಟವೂ ಕಡಿಮೆ. ಅಗಲವಾದ ಅಡಿ ಹುಲ್ಲಿನಲ್ಲಿ ಸಿಕ್ಕಿಬೀಳದೆ ಜಾರಿಹೋಗುತ್ತದೆ. ಚೆಂಡಿನ ಹಿಂದೆ ನೆಲ ತುಸು ಮುಟ್ಟಿದರೂ ಹೊಡೆತ ಪೂರ್ತಿ ಹಾಳಾಗುವುದಿಲ್ಲ. ಹೈಬ್ರಿಡ್‌ಗೆ ಇವೇ ಗುಣಗಳು ಸ್ವಲ್ಪ ಕಡಿಮೆ ಪ್ರಮಾಣದಲ್ಲಿವೆ. ಆದರೆ ಅದರ ಕೋಲು ಸುಮಾರು 40 ಇಂಚಿನದು, ತಲೆ ಚಿಕ್ಕದು. ಹಾಗಾಗಿ ಫೇರ್‌ವೇ ಪಕ್ಕದ ಎತ್ತರದ ಹುಲ್ಲಿನಲ್ಲಿ, ಹುಲ್ಲು ಸವೆದ ಗಟ್ಟಿ ನೆಲದಲ್ಲಿ, ಇಳಿಜಾರಿನಲ್ಲಿ ಅದೇ ಹೆಚ್ಚು ಉಪಯೋಗಿ. ಚೆಂಡು ಹುಲ್ಲಿನ ಮೇಲೆ ಚೆನ್ನಾಗಿ ಕೂತಿದ್ದರೆ 5 ಅಥವಾ 7-ವುಡ್, ಜಾಗ ಕೆಟ್ಟದಾಗಿದ್ದರೆ ಹೈಬ್ರಿಡ್: ಸರಳವಾಗಿ ಹೇಳುವುದಾದರೆ ಇಷ್ಟೇ.

ಈಗ ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ 220 ಗಜದ ಜಾಗದಿಂದ ಒಬ್ಬ ಆಟಗಾರ 3-ವುಡ್‌ನಿಂದ ಐದು ಚೆಂಡು ಹೊಡೆದ ಎಂದಿಟ್ಟುಕೊಳ್ಳಿ. ಎರಡು ಚೆನ್ನಾಗಿ ಕೂಡಿಬಂದು 190, 185 ಗಜ ಹೋದವು. ಒಂದು ಅರೆಬರೆಯಾಗಿ 120. ಉಳಿದೆರಡು ಹುಲ್ಲು ಸವರುತ್ತ 90 ಮತ್ತು 60. ಸರಾಸರಿ 129. ಅದೇ ಆಟಗಾರ 7-ವುಡ್‌ನಿಂದ 165, 160, 155, 140, 130 ಹೊಡೆದರೆ ಸರಾಸರಿ 150. ಇವು ಉದಾಹರಣೆಗೆ ಹಾಕಿಕೊಂಡ ಅಂಕಿಗಳು ನಿಜ. ಆದರೆ ಯಾವುದೇ ಅಭ್ಯಾಸದ ಅಂಗಳದಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಇದೇ ನಮೂನೆ ಕಣ್ಣಿಗೆ ಬೀಳುತ್ತದೆ. ಗಮನಿಸಬೇಕಾದ್ದು ಎರಡು ಸಂಗತಿ. ಅತ್ಯುತ್ತಮ ಏಟಿನಲ್ಲಿ 3-ವುಡ್ 25 ಗಜ ಮುಂದಿದೆ. ಸರಾಸರಿಯಲ್ಲಿ 21 ಗಜ ಹಿಂದಿದೆ. ಅದಕ್ಕಿಂತ ಮುಖ್ಯ, ಕೆಟ್ಟ ಏಟಿನ ನಂತರ ಒಂದು ಕಡೆ 160 ಗಜ ಉಳಿದರೆ ಇನ್ನೊಂದು ಕಡೆ 90. 160 ಗಜ ಎಂದರೆ ಮತ್ತೊಂದು ಉದ್ದದ ಹೊಡೆತ, ಮತ್ತೊಂದು ಜೂಜು. 90 ಗಜಕ್ಕೆ ಯಾರ ಕೈಗಾದರೂ ಒಗ್ಗುವ ಗಿಡ್ಡ ಐರನ್ ಇದೆ. ಜೊತೆಗೆ, 190 ಗಜದ ಆ ಚೆಲುವಾದ ಏಟೂ ಗುಳಿಯ ಸುತ್ತಲಿನ ಗ್ರೀನ್ ಮುಟ್ಟಿಲ್ಲ ಎಂಬುದನ್ನು ಮರೆಯಬಾರದು. 220ರಲ್ಲಿ 190 ಹೋಗಲಿ, 165 ಹೋಗಲಿ, ಮುಂದೆ ಇನ್ನೊಂದು ಹೊಡೆತ ಇದ್ದೇ ಇದೆ. ಹಾಗಿರುವಾಗ ಆ 25 ಗಜದ ಆಸೆಗೆ ಐದರಲ್ಲಿ ಎರಡು ಹೊಡೆತಗಳನ್ನು ತೆರುವುದು ಯಾವ ಲೆಕ್ಕ?

‘ಲಾಫ್ಟ್ ಹೆಚ್ಚಿರುವ ವುಡ್ ಮುದುಕರ ಕ್ಲಬ್’ ಎಂಬ ಮಾತು ಗಾಲ್ಫ್ ವಲಯದಲ್ಲಿ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆಟದ ಚರಿತ್ರೆ ಆ ಮಾತಿಗೆ ಸಾಕ್ಷಿ ಹೇಳುವುದಿಲ್ಲ. 1935ರ ಮಾಸ್ಟರ್ಸ್‌ನಲ್ಲಿ ಜೀನ್ ಸರಾಜೆನ್ 15ನೇ ಹೋಲ್‌ನಲ್ಲಿ 235 ಗಜದಿಂದ ಎರಡನೇ ಏಟಿಗೇ ಚೆಂಡನ್ನು ಗುಳಿಗೆ ಹಾಕಿದ್ದು 4-ವುಡ್‌ನಿಂದ. 2009ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಟೈಗರ್ ವುಡ್ಸ್ ಜೊತೆ ಆಡುತ್ತಿದ್ದ ಕೊರಿಯಾದ ವೈ.ಇ. ಯಾಂಗ್ ಕೊನೆಯ ಹೋಲ್‌ನಲ್ಲಿ 200 ಗಜಕ್ಕೂ ಹೆಚ್ಚು ದೂರದಿಂದ ಚೆಂಡನ್ನು ಗುಳಿಯ ಹತ್ತಿರಕ್ಕೆ ತಂದು ನಿಲ್ಲಿಸಿದ್ದು ಹೈಬ್ರಿಡ್‌ನಿಂದ. ಏಷ್ಯಾದಲ್ಲಿ ಹುಟ್ಟಿದ ಪುರುಷನೊಬ್ಬ ಮೇಜರ್ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. 2020ರ ಮಾಸ್ಟರ್ಸ್‌ನಲ್ಲಿ 268 ಹೊಡೆತಗಳ ದಾಖಲೆ ಬರೆದ ಡಸ್ಟಿನ್ ಜಾನ್ಸನ್ ಆಟದ ಭಾರಿ ಹೊಡೆತಗಾರರಲ್ಲೊಬ್ಬರು. ಅವರ ಚೀಲದಲ್ಲೂ 7-ವುಡ್ ಇತ್ತು. ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ದೂರ ಹೊಡೆಯುವವರ ಪಟ್ಟಿಯ ತಳದ ಕಡೆ ಇದ್ದರು. ಬೇರೆಯವರು ಐರನ್ ಹಿಡಿಯುತ್ತಿದ್ದ ಜಾಗದಿಂದ ಅವರು ಹೈಬ್ರಿಡ್, ಫೇರ್‌ವೇ ವುಡ್‌ಗಳಿಂದ ಗ್ರೀನ್ ಮುಟ್ಟಬೇಕಿತ್ತು. ಹಾಗೆ ಆಡಿಯೇ 269 ಹೊಡೆತಗಳಲ್ಲಿ ಮುಗಿಸಿ, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ದೂರದ ಕೊರತೆ ಇರುವವರು ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕನ್ನಡ ನಾಡಿನ ಗಾಲ್ಫ್ ಆಸಕ್ತರಿಗೆ ಬೇಕಿಲ್ಲ.

ಆಕ್ಷೇಪಗಳಿವೆ, ಅವುಗಳಲ್ಲಿ ಒಂದು ಗಟ್ಟಿಯಾದದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ಇಟ್ಟು, 2014ರ ‘ಎವ್ರಿ ಶಾಟ್ ಕೌಂಟ್ಸ್’ ಪುಸ್ತಕದಲ್ಲಿ ಹಳೆಯ ನಂಬಿಕೆಯೊಂದನ್ನು ಬುಡಮೇಲು ಮಾಡಿದರು. ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು ನೂರು ಗಜಕ್ಕಿಂತ ದೂರದ ಹೊಡೆತಗಳಲ್ಲಿ. ಗ್ರೀನ್ ಮೇಲಿನ ಪಟ್ಟಿಂಗ್‌ನ ಪಾಲು ಜನ ತಿಳಿದಷ್ಟು ದೊಡ್ಡದಲ್ಲ. ಹಾಗಾದರೆ ದೂರವೇ ಮುಖ್ಯವಾಯಿತಲ್ಲ, ಅತಿ ಉದ್ದ ಹೋಗುವ ಕ್ಲಬ್ಬನ್ನೇ ಹಿಡಿಯಬೇಡವೇ ಎಂದು ಕೇಳಬಹುದು. ಬ್ರಾಡಿಯವರ ಲೆಕ್ಕ ಸರಿ, ಅದರಿಂದ ತೆಗೆಯುವ ಈ ತೀರ್ಮಾನ ಸರಿಯಲ್ಲ. ಅವರ ಅಳತೆಗೆ ಸಿಗುವುದು ಚೆಂಡು ನಿಜಕ್ಕೂ ಹೋಗಿ ನಿಂತ ಜಾಗ. ಕ್ಲಬ್‌ನ ತಳದಲ್ಲಿ ಕೆತ್ತಿದ ನಂಬರಿಗೆ ಅಲ್ಲಿ ಬೆಲೆಯಿಲ್ಲ. ಉದ್ದದ ಹೊಡೆತ ಇಷ್ಟು ಮುಖ್ಯ ಎಂದಾದರೆ ಅದರ ಸರಾಸರಿಯನ್ನು ಹೆಚ್ಚಿಸುವ ಕ್ಲಬ್ ಬೇಕು ಎಂದೇ ಅರ್ಥ. ಇನ್ನೂರು ಗಜ ಬಾಕಿ ಇರುವಾಗ 7-ಐರನ್‌ನಿಂದ ಎರಡು ಸಲ ಮೆಲ್ಲಗೆ ಹೊಡೆದರಾಯಿತು ಎಂಬ ಅತಿ ಎಚ್ಚರಿಕೆಯ ಸಲಹೆಯನ್ನೂ ನಾನು ಒಪ್ಪದಿರುವುದು ಇದಕ್ಕೇ. ಮುಂದೆ ಕೆರೆಯೋ ಮರಳಿನ ಬಂಕರೋ ಅಡ್ಡ ಇದ್ದರೆ ಹಾಗೆ ಆಡುವುದು ಜಾಣತನ. ಬಯಲು ಬಿದ್ದಿರುವಾಗ ಅದು ಸುಮ್ಮನೆ ಗಜಗಳನ್ನು ಬಿಟ್ಟುಕೊಟ್ಟಂತೆ.

ಎರಡನೆಯ ಆಕ್ಷೇಪ ಗುರುಗಳ ಕಡೆಯಿಂದ ಬರುತ್ತದೆ: ಬೀಸುವುದನ್ನು ಸರಿಯಾಗಿ ಕಲಿತರೆ ಯಾವ ಕ್ಲಬ್ ಆದರೂ ನಡೆಯುತ್ತದೆ, ಕ್ಲಬ್ ಬದಲಿಸುವುದು ರೋಗಕ್ಕೆ ಮದ್ದಲ್ಲ. ಕಲಿಕೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಹತ್ತರಲ್ಲಿ ಎರಡು ಸಲ ಮಾತ್ರ ಫಲ ಕೊಡುವ ಕ್ಲಬ್‌ನಿಂದ ಕಲಿಯುವುದೇನು? ಕೈ ತಪ್ಪು ಸರಿದೂಗಿಸುವ ಹೊಸ ತಪ್ಪುಗಳನ್ನು ಕಲಿಯುತ್ತದೆ. ಅಲ್ಲದೆ, ಕ್ಲಬ್ ತಯಾರಕರೇ ಈ ವಾದವನ್ನು ಕೈಬಿಟ್ಟು ಬಹಳ ಕಾಲವಾಯಿತು. 1 ಮತ್ತು 2ನೇ ನಂಬರಿನ ಐರನ್‌ಗಳು ಸಾಮಾನ್ಯರ ಸೆಟ್‌ನಿಂದ ಎಂದೋ ಮಾಯವಾದವು. ಈಗ ಹವ್ಯಾಸಿಗಳಿಗೆಂದು ಮಾರುವ ಎಷ್ಟೋ ಸೆಟ್‌ಗಳು ಶುರುವಾಗುವುದೇ 5-ಐರನ್‌ನಿಂದ. ಮೂರನೆಯದು ಗಾಳಿಯ ಪ್ರಶ್ನೆ: ಎತ್ತರಕ್ಕೆ ಹೋದ ಚೆಂಡನ್ನು ಎದುರುಗಾಳಿ ತಿನ್ನುತ್ತದೆ ಎಂಬುದು. ನಿಜ, ಆದರೆ ನಿಧಾನವಾಗಿ ಬೀಸುವವರ ಚೆಂಡಿಗೆ ತಿರುಗಾಟವೇ ಕಡಿಮೆ ಇರುವುದರಿಂದ ಅದು ಗಾಳಿಯಲ್ಲಿ ಉಬ್ಬಿ ನಿಲ್ಲುವ ಭಯವೂ ಅವರಿಗೆ ಕಡಿಮೆ. ಗಾಳಿ ಜೋರಾಗಿದ್ದರೆ ಹೈಬ್ರಿಡ್‌ನ ಹಿಡಿ ಒಂದಿಂಚು ಕೆಳಗೆ ಹಿಡಿದು ಚೆಂಡನ್ನು ಕೊಂಚ ಹಿಂದಿಟ್ಟು ಹೊಡೆದರೆ ತಗ್ಗಿನ ಹೊಡೆತವೂ ಸಿಗುತ್ತದೆ. ನಾಲ್ಕನೆಯದು ಹೈಬ್ರಿಡ್ ಚೆಂಡನ್ನು ಎಡಕ್ಕೆ ಎಳೆಯುತ್ತದೆ ಎಂಬ ದೂರು. ಇದರಲ್ಲಿ ಹುರುಳಿದೆ. ಹವ್ಯಾಸಿಗಳಲ್ಲಿ ಹೆಚ್ಚಿನವರ ಚೆಂಡು ಬಲಕ್ಕೆ ಬಾಗುವುದರಿಂದ ಅನೇಕ ಹೈಬ್ರಿಡ್‌ಗಳನ್ನು ಬೇಕೆಂದೇ ಎಡಕ್ಕೆ ಒಲಿಯುವಂತೆ ಮಾಡಿರುತ್ತಾರೆ. ಬಲಗೈ ಆಟಗಾರರಲ್ಲಿ ಮೊದಲೇ ಎಡಕ್ಕೆ ಹೊಡೆಯುವ ಅಭ್ಯಾಸವಿದ್ದವರು ಹೈಬ್ರಿಡ್‌ಗಿಂತ 7 ಅಥವಾ 9-ವುಡ್ ಆರಿಸಿಕೊಳ್ಳುವುದು ಕ್ಷೇಮ. ಇನ್ನು ವೇಗವಾಗಿ ಬೀಸಬಲ್ಲ, ಆದರೆ ಹತೋಟಿ ಇಲ್ಲದ ತರುಣರದು ಬೇರೆ ಪ್ರಕರಣ. ಅವರಿಗೆ ಲಾಫ್ಟಿನ ಕೊರತೆ ಇರುವುದಿಲ್ಲ, ಗಿಡ್ಡ ಕೋಲಿನ ಹೈಬ್ರಿಡ್ ಒಂದರಿಂದಲೇ ಕೆಲಸ ನಡೆದೀತು.

ಕೊಳ್ಳುವಾಗ ನಂಬರನ್ನು ನಂಬಬೇಡಿ, ಲಾಫ್ಟನ್ನು ಕೇಳಿ. ಹಿಂದೆ 5-ಐರನ್ ಎಂದರೆ 27–28 ಡಿಗ್ರಿ. ಹೆಚ್ಚು ದೂರ ಹೋಗುತ್ತದೆ ಎಂದು ತೋರಿಸಲು ತಯಾರಕರು ವರ್ಷದಿಂದ ವರ್ಷಕ್ಕೆ ಲಾಫ್ಟ್ ಇಳಿಸುತ್ತ ಬಂದು, ಇಂದು ಹವ್ಯಾಸಿಗಳ ಕೆಲವು ಸೆಟ್‌ಗಳಲ್ಲಿ 5-ಐರನ್ 22–24 ಡಿಗ್ರಿಗೆ ಬಂದಿದೆ. ಅದು ಹಿಂದಿನ 3 ಅಥವಾ 4-ಐರನ್ನೇ. ತಳದಲ್ಲಿ ಕೆತ್ತಿದ ಅಂಕಿ ಬೇರೆ, ಅಷ್ಟೆ. ಆದ್ದರಿಂದ ‘ನನ್ನ ಸೆಟ್‌ನಲ್ಲಿ ಉದ್ದದ ಐರನ್ ಇಲ್ಲ’ ಎಂದುಕೊಂಡವರ ಚೀಲದಲ್ಲೂ ಒಂದು ಅಡಗಿರಬಹುದು. ಡ್ರೈವರ್ ನಂತರ 18 ಡಿಗ್ರಿಯ 5-ವುಡ್, ಆಮೇಲೆ 21 ಅಥವಾ 22ರ 7-ವುಡ್, ಆಮೇಲೆ 25ರ ಸುತ್ತಮುತ್ತಲಿನ ಹೈಬ್ರಿಡ್, ಅದರ ಕೆಳಗೆ 28–29ರಿಂದ ಐರನ್‌ಗಳು: ಹೀಗೆ ಮೂರು ನಾಲ್ಕು ಡಿಗ್ರಿ ಅಂತರ ಇಟ್ಟುಕೊಂಡು ಹೋದರೆ ಹೆಚ್ಚಿನವರಿಗೆ ಸಾಕು. ಹೆಂಗಸರು, ಹಿರಿಯರು, ಇನ್ನೂ ನಿಧಾನವಾಗಿ ಬೀಸುವವರು 9-ವುಡ್ ಸೇರಿಸಿಕೊಂಡು ಐರನ್‌ಗಳನ್ನು 7ರಿಂದ ಶುರು ಮಾಡಿದರೆ ತಪ್ಪಿಲ್ಲ. ಕೋಲು ಹಗುರವಾದ ಗ್ರಾಫೈಟ್‌ನದಾಗಿರಲಿ, ಬೀಸುವ ವೇಗಕ್ಕೆ ತಕ್ಕಷ್ಟು ಬಾಗುವಂತಿರಲಿ. ಹೊಸ ಮಾಡೆಲ್ಲೇ ಬೇಕೆಂದಿಲ್ಲ. ಕೆಲವು ವರ್ಷ ಹಳೆಯ, ಚೆನ್ನಾಗಿ ಇಟ್ಟುಕೊಂಡ 7-ವುಡ್ ಈ ವರ್ಷದ 3-ವುಡ್‌ಗಿಂತ ನಿಮ್ಮ ಸ್ಕೋರಿಗೆ ಹೆಚ್ಚು ಉಪಕಾರಿ. ಹದಿನಾಲ್ಕು ಎಂಬುದು ಮಿತಿ, ಹತ್ತು ಹನ್ನೊಂದು ಕ್ಲಬ್‌ಗಳಿಂದ ಆಡಿದರೆ ಯಾವ ನಿಯಮವೂ ಮುರಿಯುವುದಿಲ್ಲ.

ದುಡ್ಡು ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಅಂಗಡಿಯ ಚಾಪೆಯ ಮೇಲೆ ಬೇಡ. ಚಾಪೆ ಕ್ಲಬ್ಬನ್ನು ಜಾರಿಸಿ ತಪ್ಪು ಮುಚ್ಚಿಹಾಕುತ್ತದೆ. ನಿಜವಾದ ಹುಲ್ಲಿನ ಮೇಲೆ ಪ್ರತಿ ಕ್ಲಬ್‌ನಿಂದ ಹತ್ತು ಚೆಂಡು ಹೊಡೆದು, ಎಲ್ಲಕ್ಕಿಂತ ಚೆನ್ನಾಗಿ ಹೋದ ಎರಡನ್ನು ಬಿಟ್ಟು, ಉಳಿದ ಎಂಟರ ಸರಾಸರಿ ತೆಗೆಯಿರಿ. ಆ ಎಂಟರಲ್ಲಿ ಎಷ್ಟು ಚೆಂಡು ಫೇರ್‌ವೇಯಷ್ಟು ಅಗಲದೊಳಗೆ ಉಳಿದವು ಎಂದೂ ಎಣಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ಸಿಕ್ಕ ದೂರ ಕರಾವಳಿಯಲ್ಲಿ ತುಸು ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ. ನಿಮ್ಮ ಚೀಲ ಹೊತ್ತು ಆಟ ನೋಡುವ ಕ್ಯಾಡಿಯನ್ನು ಕೇಳಿದರೆ ಇನ್ನೂ ಒಳ್ಳೆಯದು. ಆ ಕ್ಲಬ್‌ನಿಂದ ನೀವು ಸಾಮಾನ್ಯವಾಗಿ ಎಷ್ಟು ದೂರ ಹೊಡೆಯುತ್ತೀರಿ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ಪರೀಕ್ಷೆಯಲ್ಲಿ 3-ವುಡ್ಡೇ ಗೆದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ. ಗೆಲ್ಲದಿದ್ದರೆ ಅದನ್ನು ಮನೆಯಲ್ಲಿ ಬಿಟ್ಟು, 7-ವುಡ್ ಹಿಡಿದು ಅಂಗಳಕ್ಕೆ ಇಳಿಯಿರಿ. ಸ್ಕೋರ್‌ಕಾರ್ಡ್‌ನಲ್ಲಿ ಬರೆದುಕೊಳ್ಳುವುದು ಎಷ್ಟು ಹೊಡೆತ ಎಂದು ಮಾತ್ರ. ಯಾವ ಕ್ಲಬ್‌ನಿಂದ ಹೊಡೆದಿರಿ ಎಂದು ತುಂಬುವ ಅಂಕಣ ಅದರಲ್ಲಿಲ್ಲ.